ನೇಷನ್, ಕೌಮ್, ಕೋಮು

ಇಂಗ್ಲಿಷ್–ಉರ್ದು ನಿಘಂಟಿನಲ್ಲಿ ‘ನೇಷನ್’ ಪದದ ಮುಂದೆ ಮೊದಲು ಕಾಣುವ ಅರ್ಥ ‘ಕೌಮ್’. ‘ನ್ಯಾಷನಲ್’ ಎಂದರೆ ‘ಕೌಮೀ’. ನಮ್ಮ ‘ಜನಗಣಮನ’ವನ್ನು ಉರ್ದುವಿನಲ್ಲಿ ಕೌಮೀ ತರಾನಾ ಎನ್ನುತ್ತಾರೆ, ರಾಷ್ಟ್ರೀಯ ಹೆದ್ದಾರಿ ಕೌಮೀ ಶಾಹರಾಹ್. ಪಾಕಿಸ್ತಾನದ ಸಂಸತ್ತಿನ ಕೆಳಮನೆ ಕೌಮೀ ಅಸೆಂಬ್ಲಿ. ಉರ್ದುವಿನ ಏಳಿಗೆಗೆಂದು ಕೇಂದ್ರ ಸರ್ಕಾರ ದೆಹಲಿಯಲ್ಲಿ ನಡೆಸುವ ಸಂಸ್ಥೆಯ ಹೆಸರು ಶುರುವಾಗುವುದೂ ‘ಕೌಮೀ ಕೌನ್ಸಿಲ್’ ಎಂಬ ಮಾತಿನಿಂದ. ಜವಾಹರಲಾಲ್ ನೆಹರೂ ಕಟ್ಟಿದ ಪತ್ರಿಕಾ ಸಂಸ್ಥೆ 1938ರಲ್ಲಿ ಲಖನೌದಿಂದ ಇಂಗ್ಲಿಷಿನ ‘ನ್ಯಾಷನಲ್ ಹೆರಾಲ್ಡ್’ ಹೊರಡಿಸಿತು. 1945ರಲ್ಲಿ ಅದಕ್ಕೆ ಜೊತೆಯಾಗಿ ಬಂದ ಉರ್ದು ಪತ್ರಿಕೆಯ ಹೆಸರು ‘ಕೌಮೀ ಆವಾಜ್’. ಅಂದರೆ ರಾಷ್ಟ್ರದ ದನಿ.

ಇದೇ ಪದ ಬಹಳ ಹಿಂದೆಯೇ ಕನ್ನಡಕ್ಕೂ ಬಂದು, ನಮ್ಮ ಬಾಯಿಗೆ ಒಗ್ಗಿ ‘ಕೋಮು’ ಆಯಿತು. ಅರ್ಜಿ, ವಕೀಲ, ಕಚೇರಿ, ಜಮಾಬಂದಿಗಳು ಬಂದ ದಾರಿಯಲ್ಲೇ ಬಂದದ್ದು. ಆದರೆ ಇಲ್ಲಿ ಅದಕ್ಕಿರುವ ಒಡನಾಡಿಗಳು ಬೇರೆ: ಕೋಮುಗಲಭೆ, ಕೋಮುದ್ವೇಷ, ಕೋಮುದಳ್ಳುರಿ, ಕೋಮುವಾದ. ಬೆಳಗಿನ ಪತ್ರಿಕೆಯ ಮುಖಪುಟದಲ್ಲಿ ‘ಕೋಮು’ ಎಂಬ ಎರಡಕ್ಷರ ಕಂಡರೆ ಓದುವ ಮೊದಲೇ ಎದೆ ಅಳುಕುತ್ತದೆ. ಉರ್ದುವಿನಲ್ಲಿ ‘ಕೌಮ್‌ಪರಸ್ತ್ ಮುಸಲ್ಮಾನ್’ ಎಂದರೆ ರಾಷ್ಟ್ರೀಯವಾದಿ ಮುಸ್ಲಿಂ. ಮೌಲಾನಾ ಆಜಾದ್, ಡಾಕ್ಟರ್ ಅನ್ಸಾರಿ ಮುಂತಾದವರನ್ನು ಹಾಗೆ ಕರೆಯುತ್ತಿದ್ದರು. ಆ ಮಾತನ್ನು ಪದಕ್ಕೆ ಪದವಿಟ್ಟು ಕನ್ನಡಕ್ಕೆ ತಂದರೆ ‘ಕೋಮುವಾದಿ ಮುಸಲ್ಮಾನ’ ಎಂದಾಗುತ್ತದೆ. ಕೋಮುವಾದದ ವಿರುದ್ಧ ಬದುಕಿಡೀ ನಿಂತವರಿಗೆ ಅದೇ ಹಣೆಪಟ್ಟಿ ಅಂಟುತ್ತದೆ.

ಇದನ್ನು ಭಾಷೆಯ ವಿನೋದವೆಂದು ನೋಡಿ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ‘ನೇಷನ್ ಎಂದರೆ ಕೌಮ್’ ಎಂಬ ಸಮೀಕರಣ ನಿಘಂಟಿನಲ್ಲಿ ಒಂದು ಸಾಲನ್ನೂ ತುಂಬುವುದಿಲ್ಲ. ಆದರೆ ಅದರೊಳಗೆ ಈ ಉಪಖಂಡವನ್ನು ಅಲುಗಾಡಿಸಿದ ಒಂದು ತೀರ್ಮಾನ ಕೂತಿದೆ. ಅದನ್ನು ಬಿಡಿಸಿ ನೋಡದಿದ್ದರೆ ನೆರೆಯವರ ಮಾತು ನಮ್ಮ ಕಿವಿಗೆ ಬೇರೆಯಾಗಿಯೇ ಬೀಳುತ್ತಿರುತ್ತದೆ.

ಮೊದಲು ಇಂಗ್ಲಿಷ್ ಪದವನ್ನೇ ನೋಡೋಣ. ಅದರ ಬೇರು ಲ್ಯಾಟಿನ್ನಿನಲ್ಲಿ ‘ಹುಟ್ಟು’ ಎಂಬ ಅರ್ಥದ ಕ್ರಿಯಾಪದ. ಒಂದೇ ಕಡೆ ಹುಟ್ಟಿದವರು, ಒಂದೇ ಮೂಲದವರು ಎಂಬುದು ಹಳೆಯ ತಿರುಳು. ಮಧ್ಯಯುಗದ ಪ್ಯಾರಿಸ್ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳೂ ಗುರುಗಳೂ ನಾಲ್ಕು ‘ನೇಷನ್’ಗಳಾಗಿ ಹಂಚಿಹೋಗಿದ್ದರು: ಫ್ರೆಂಚರು, ನಾರ್ಮನ್ನರು, ಪಿಕಾರ್ಡಿಯವರು, ಇಂಗ್ಲಿಷರು. ಅವರಲ್ಲಿ ಯಾರಿಗೂ ಆ ಮಾತಿನಿಂದ ಪ್ರತ್ಯೇಕ ರಾಜ್ಯದ ಕನಸು ಬೀಳುತ್ತಿರಲಿಲ್ಲ. ಊರಿನ ಕಡೆಯವರ ಕೂಟ, ಅಷ್ಟೆ. ಆ ಪದಕ್ಕೆ ಸಾರ್ವಭೌಮತ್ವದ ಕಿರೀಟ ಬಂದದ್ದು ಬಹಳ ತಡವಾಗಿ, 1789ರ ಫ್ರಾನ್ಸಿನ ಕ್ರಾಂತಿಯ ಹೊತ್ತಿಗೆ. ಆಮೇಲೂ ಅದರ ಅರ್ಥ ಗಟ್ಟಿಯಾಗಲಿಲ್ಲ. 1882ರಲ್ಲಿ ಅರ್ನೆಸ್ಟ್ ರೆನಾನ್ ಸೊರ್ಬಾನ್‌ನಲ್ಲಿ ನಿಂತು ‘ನೇಷನ್ ಎಂದರೇನು’ ಎಂಬ ಪ್ರಶ್ನೆಯನ್ನೇ ಉಪನ್ಯಾಸದ ಶೀರ್ಷಿಕೆ ಮಾಡಿಕೊಂಡ. ರಕ್ತ, ಭಾಷೆ, ಧರ್ಮ, ಭೂಗೋಳ ಯಾವುದೂ ಸಾಲದು, ಒಟ್ಟಿಗೆ ಬಾಳುವ ಇಚ್ಛೆಯೇ ಮುಖ್ಯ ಎಂದು ವಾದಿಸಿದ. ಯುರೋಪಿಗೇ ಬಗೆಹರಿಯದ ಪದವೊಂದು ಹಡಗು ಹತ್ತಿ ಇಲ್ಲಿಗೆ ಬಂತು, ಮತ್ತು ಬಂದ ಕೂಡಲೇ ಅದಕ್ಕೊಂದು ಸ್ಥಳೀಯ ಹೆಸರು ಬೇಕಾಯಿತು.

‘ಕೌಮ್’ ಅರಬ್ಬಿಯ ಪದ. ‘ನಿಲ್ಲು’ ಎಂಬ ಧಾತುವಿನಿಂದ ಬಂದದ್ದು. ಆ ಧಾತುವಿನ ಬಳಗ ನಮಗೆ ಅಪರಿಚಿತವೇನಲ್ಲ. ನಾವು ದಿನವೂ ಆಡುವ ಕಾಯಂ, ಮುಕ್ಕಾಂ, ಕಿಮ್ಮತ್ತು ಅದೇ ಬೇರಿನ ಕೊಂಬೆಗಳು. ಜೊತೆಯಾಗಿ ನಿಂತವರು ಕೌಮ್. ಕುರಾನಿನಲ್ಲಿ ಪ್ರವಾದಿಗಳು ತಮ್ಮ ಜನರನ್ನು ‘ನನ್ನ ಕೌಮೇ’ ಎಂದು ಕರೆಯುತ್ತಾರೆ. ಹಾಗೆ ಕರೆಸಿಕೊಂಡವರಲ್ಲಿ ಆ ಪ್ರವಾದಿಯ ಮಾತನ್ನು ಒಪ್ಪದವರೇ ಹೆಚ್ಚು ಎಂಬುದನ್ನು ನೆನಪಿಡಬೇಕು. ಮುಂದೆ ಇದು ದೊಡ್ಡ ವಾದಕ್ಕೆ ಆಧಾರವಾಗುತ್ತದೆ. ಉರ್ದುವಿಗೆ ಬಂದ ಮೇಲೆ ಪದ ಇನ್ನಷ್ಟು ಸಡಿಲವಾಯಿತು. ಪಂಜಾಬಿನ ಕಂದಾಯ ದಾಖಲೆಗಳಲ್ಲಿ ರೈತನ ಹೆಸರಿನ ಪಕ್ಕ ‘ಕೌಮ್: ಜಾಟ್’, ‘ಕೌಮ್: ರಜಪೂತ್’ ಎಂದು ಬರೆಯುತ್ತಿದ್ದರು. ಅಲ್ಲಿ ಅದರ ಅರ್ಥ ಜಾತಿ. ಪಠಾಣರು ಒಂದು ಕೌಮ್, ಬಂಗಾಳಿಗಳು ಒಂದು ಕೌಮ್, ಮುಸ್ಲಿಮರು ಒಂದು ಕೌಮ್, ಹಿಂದೂಸ್ತಾನದವರೆಲ್ಲ ಸೇರಿ ಇನ್ನೊಂದು ಕೌಮ್. ಕೇಳುವವರಿಗೆ ಸಂದರ್ಭದಿಂದ ಅರ್ಥ ಹೊಳೆಯುತ್ತಿತ್ತು, ಗೊಂದಲವಿರಲಿಲ್ಲ. ನಮ್ಮ ‘ಜನ’ ಎಂಬ ಪದದ ಹಾಗೆ: ನಮ್ಮ ಜನ ಎಂದರೆ ಮನೆಯವರೂ ಆಗಬಹುದು, ಊರಿನವರೂ ಆಗಬಹುದು, ಜಾತಿಯವರೂ ಆಗಬಹುದು, ಕನ್ನಡಿಗರೆಲ್ಲರೂ ಆಗಬಹುದು.

ಗೊಂದಲ ಶುರುವಾದದ್ದು ಈ ಸಡಿಲ ಪದದ ತಲೆಯ ಮೇಲೆ ‘ನೇಷನ್’ನ ಭಾರ ಹೊರಿಸಿದಾಗ. ಸರ್ ಸೈಯದ್ ಅಹ್ಮದ್ ಖಾನರ ಭಾಷಣಗಳಲ್ಲೇ ಇದು ಕಾಣುತ್ತದೆ. 1884ರಲ್ಲಿ ಪಂಜಾಬಿನಲ್ಲಿ ಮಾತಾಡುವಾಗ ಅವರು ಕೌಮ್ ಎಂದರೆ ಹಿಂದೂ ಮುಸ್ಲಿಂ ಇಬ್ಬರನ್ನೂ ಸೇರಿಸಿಯೇ ಹೇಳುತ್ತೇನೆ ಎಂದರು. ನಾಲ್ಕು ವರ್ಷ ಕಳೆದು ಕಾಂಗ್ರೆಸ್ಸನ್ನು ವಿರೋಧಿಸಿ ಮೀರತ್‌ನಲ್ಲಿ ಆಡಿದ ಭಾಷಣದಲ್ಲಿ ಹಿಂದೂಗಳೂ ಮುಸ್ಲಿಮರೂ ಎರಡು ಕೌಮ್‌ಗಳಾದರು. ಭಾಷಣ ಉರ್ದುವಿನದು. ಅದು ಇಂಗ್ಲಿಷಿಗೆ ತರ್ಜುಮೆಯಾಗಿ ಅಚ್ಚಾದಾಗ ಆ ಎರಡು ಕೌಮ್‌ಗಳು ‘ಟೂ ನೇಷನ್ಸ್’ ಆದವು. ಸೈಯದರ ನಿಲುವು ನಿಜವಾಗಿಯೂ ಬದಲಾಗಿತ್ತು, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಎರಡು ಸಮುದಾಯಗಳಿವೆ ಎಂಬ, ಊರಿನ ಯಾರೂ ಅಲ್ಲಗಳೆಯಲಾಗದ ಸಾಮಾನ್ಯ ಮಾತಿಗೂ, ಎರಡು ರಾಷ್ಟ್ರಗಳಿವೆ ಎಂಬ ರಾಜಕೀಯ ಹಕ್ಕೊತ್ತಾಯಕ್ಕೂ ನಡುವೆ ಇದ್ದ ಹೊಳೆಯನ್ನು ಒಂದೇ ಪದ ಸದ್ದಿಲ್ಲದೆ ದಾಟಿಸಿಬಿಟ್ಟಿತು.

ಈ ಪದದ ಮೇಲೆ ನಡೆದ ಅತ್ಯಂತ ಗಂಭೀರ ಜಗಳ 1938ರದ್ದು. ಒಂದು ಕಡೆ ಕವಿ ಮುಹಮ್ಮದ್ ಇಕ್ಬಾಲ್, ಇನ್ನೊಂದು ಕಡೆ ಮೌಲಾನಾ ಹುಸೇನ್ ಅಹ್ಮದ್ ಮದನಿ. ಮದನಿ ದೇವಬಂದ್‌ನ ದಾರುಲ್ ಉಲೂಮ್‌ನಲ್ಲಿ ಹದೀಸ್ ಕಲಿಸುತ್ತಿದ್ದ ದೊಡ್ಡ ವಿದ್ವಾಂಸರು. ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷರು ಅವರನ್ನು ಗುರುಗಳ ಜೊತೆಗೆ ಮಾಲ್ಟಾ ದ್ವೀಪದಲ್ಲಿ ಸೆರೆಯಿಟ್ಟಿದ್ದರು. 1938ರ ಜನವರಿಯಲ್ಲಿ ದೆಹಲಿಯ ಸಭೆಯೊಂದರಲ್ಲಿ ಅವರು, ಈ ಕಾಲದಲ್ಲಿ ಕೌಮ್‌ಗಳು ರೂಪುಗೊಳ್ಳುವುದು ವತನ್‌ನಿಂದ, ಅಂದರೆ ತಾಯ್ನೆಲದಿಂದ, ಎಂಬರ್ಥದ ಮಾತಾಡಿದರು. ಪತ್ರಿಕೆಗಳಲ್ಲಿ ಅದು ಬೇರೆ ಬೇರೆ ರೂಪದಲ್ಲಿ ವರದಿಯಾಯಿತು. ಲಾಹೋರಿನಲ್ಲಿ ಕಾಯಿಲೆಯಿಂದ ಮಲಗಿದ್ದ ಇಕ್ಬಾಲ್ ಅದನ್ನು ಓದಿ ಕುದಿದು, ಪಾರಸಿಯಲ್ಲಿ ಮೂರು ದ್ವಿಪದಿಗಳನ್ನು ಬರೆದರು. ಮದನಿಯವರ ಹೆಸರನ್ನೇ ಹಿಡಿದು, ‘ಮಿಲ್ಲತ್’ ತಾಯ್ನೆಲದಿಂದ ಬರುತ್ತದೆ ಎಂದು ಈತ ಸಾರುತ್ತಾನಲ್ಲ ಎಂಬ ಆಪಾದನೆ ಮಾಡಿದರು.

ಮದನಿ ಆಡಿದ ಪದ ಕೌಮ್. ಇಕ್ಬಾಲ್ ಪದ್ಯದಲ್ಲಿ ಬಂದ ಪದ ಮಿಲ್ಲತ್. ಒಂದು ಪದ ಕದಲಿದ್ದರಿಂದ ಅರ್ಥವೇ ಮಗುಚಿ ಬಿತ್ತು. ಮಿಲ್ಲತ್ ಎಂದರೆ ಶ್ರದ್ಧೆಯ, ಧರ್ಮಮಾರ್ಗದ ಸಮುದಾಯ. ಅದು ನೆಲದಿಂದ ಬರುತ್ತದೆ ಎಂದು ಯಾವ ಮೌಲ್ವಿಯೂ ಹೇಳಲಾರ, ಮದನಿಯಂತೂ ಹೇಳಿರಲಿಲ್ಲ. ಆಮೇಲೆ ಬರೆದ ‘ಮುತ್ತಹಿದಾ ಕೌಮಿಯತ್ ಔರ್ ಇಸ್ಲಾಂ’ (ಐಕ್ಯ ರಾಷ್ಟ್ರೀಯತೆ ಮತ್ತು ಇಸ್ಲಾಂ) ಎಂಬ ಪುಸ್ತಕದಲ್ಲಿ ಅವರು ಅರಬ್ಬಿ ನಿಘಂಟುಗಳನ್ನು ಹರಡಿಕೊಂಡು ಈ ಎರಡು ಪದಗಳನ್ನು ಎಳೆ ಎಳೆಯಾಗಿ ಬಿಡಿಸಿದರು. ಪ್ರವಾದಿಗಳು ತಮ್ಮನ್ನು ನಂಬದವರನ್ನೂ ‘ನನ್ನ ಕೌಮೇ’ ಎಂದು ಕರೆದದ್ದು, ಮದೀನಾದ ಒಡಂಬಡಿಕೆಯಲ್ಲಿ ಯಹೂದಿಗಳೂ ಮುಸ್ಲಿಮರೂ ಒಂದೇ ಜನವಾಗಿ ನಿಂತದ್ದು ಅವರ ಸಾಕ್ಷ್ಯ. ಹಾಗಾಗಿ ಭಾರತದ ಹಿಂದೂಗಳು, ಮುಸ್ಲಿಮರು, ಸಿಖ್ಖರು, ಕ್ರೈಸ್ತರು, ಪಾರ್ಸಿಗಳು ಮಿಲ್ಲತ್‌ನಿಂದ ಬೇರೆ ಬೇರೆ, ಕೌಮ್‌ನಿಂದ ಒಂದೇ ಎಂಬುದು ಅವರ ತೀರ್ಮಾನ. ‘ನೇಷನ್’ ಎಂಬ ಪರದೇಶದ ಪದವನ್ನು ಉರ್ದುವಿನಲ್ಲಿ ವಿವರಿಸಲು ನಡೆದ ಪ್ರಯತ್ನಗಳಲ್ಲಿ ಇದಕ್ಕಿಂತ ಎಚ್ಚರದ್ದು ನನಗೆ ಗೊತ್ತಿಲ್ಲ.

ಇಕ್ಬಾಲರ ಭಯಕ್ಕೂ ಕಾರಣವಿತ್ತು. 1904ರಲ್ಲಿ ಹಿಂದೂಸ್ತಾನದ ಹಾಡಾದ ‘ತರಾನಾ-ಎ-ಹಿಂದೀ’ ಬರೆದ ಕವಿಯೇ ಯುರೋಪಿನಲ್ಲಿ ಓದಿ ಬಂದ ಮೇಲೆ ಮಿಲ್ಲತ್‌ನ ಹಾಡಾದ ‘ತರಾನಾ-ಎ-ಮಿಲ್ಲೀ’ ಬರೆದವರು. ನೆಲವನ್ನೇ ದೇವರ ಜಾಗದಲ್ಲಿ ಕೂರಿಸಿ ಮನುಷ್ಯರನ್ನು ಕಾದಾಟಕ್ಕೆ ಕಳಿಸುವ ನೇಷನ್ ಅವರಿಗೆ ಅಲ್ಲಿ ಕಂಡಿತ್ತು. ಈ ಕಾಲದ ಕೌಮ್‌ಗಳು ನೆಲದಿಂದ ರೂಪುಗೊಳ್ಳುತ್ತಿವೆ ಎಂದು ಮದನಿ ಇದ್ದದ್ದನ್ನು ಹೇಳಿದ್ದಾದರೆ ತಕರಾರಿಲ್ಲ, ಮುಸ್ಲಿಮರು ಅದನ್ನೇ ಒಪ್ಪಿಕೊಳ್ಳಲಿ ಎಂದು ಉಪದೇಶಿಸಿದ್ದಾದರೆ ತಕರಾರಿದೆ ಎಂಬುದು ಅವರ ನಿಲುವು. ನಡುವೆ ಒಬ್ಬರು ಪತ್ರ ಬರೆದು ಮದನಿಯವರ ವಿವರಣೆ ತಲುಪಿಸಿದ ಮೇಲೆ, ಇನ್ನು ಆಕ್ಷೇಪಿಸುವ ಹಕ್ಕು ತಮಗಿಲ್ಲ ಎಂದು ಇಕ್ಬಾಲ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಕೆಲವೇ ವಾರಗಳಲ್ಲಿ, 1938ರ ಏಪ್ರಿಲ್ 21ರಂದು, ತೀರಿಕೊಂಡರು. ಆದರೆ ಆ ಮೂರು ದ್ವಿಪದಿಗಳು ಅವರ ಮರಣಾನಂತರ ಬಂದ ‘ಅರ್ಮುಗಾನ್-ಎ-ಹಿಜಾಜ್’ ಸಂಕಲನದಲ್ಲಿ ಹಾಗೆಯೇ ಉಳಿದವು. ವಿವರಣೆಯನ್ನು ಓದಿದವರು ಕೆಲವರು, ಪದ್ಯ ಬಾಯಿಗೆ ಬಂದವರು ಅಸಂಖ್ಯ. ಇದು ನನ್ನನ್ನು ಬಹಳ ಕಾಡುವ ಸಂಗತಿ.

ಎರಡು ವರ್ಷದ ಮೇಲೆ, 1940ರ ಮಾರ್ಚ್‌ನ ಒಂದೇ ವಾರದಲ್ಲಿ, ಈ ಪದವನ್ನು ಎರಡು ಊರುಗಳಲ್ಲಿ ಎರಡು ದಿಕ್ಕಿಗೆ ಎಳೆದರು. ಆಗಿನ ಬಿಹಾರದ ರಾಮಗಢದಲ್ಲಿ ಕಾಂಗ್ರೆಸ್ ಅಧ್ಯಕ್ಷರಾಗಿ ಮೌಲಾನಾ ಆಜಾದ್ ಉರ್ದುವಿನಲ್ಲಿ ಮಾತಾಡಿ, ತಾನು ಮುಸಲ್ಮಾನ ಎಂಬ ಹೆಮ್ಮೆಯನ್ನೂ, ಒಡೆಯಲಾಗದ ‘ಮುತ್ತಹಿದಾ ಕೌಮಿಯತ್’ನ ಭಾಗ ಎಂಬ ಹೆಮ್ಮೆಯನ್ನೂ ಒಟ್ಟಿಗೆ ಹೇಳಿಕೊಂಡರು. ಲಾಹೋರಿನ ಮುಸ್ಲಿಂ ಲೀಗ್ ಅಧಿವೇಶನದಲ್ಲಿ ಜಿನ್ನಾ ಮುಖ್ಯವಾಗಿ ಇಂಗ್ಲಿಷಿನಲ್ಲಿ ಮಾತಾಡಿ, ಮುಸ್ಲಿಮರು ಅಲ್ಪಸಂಖ್ಯಾತರಲ್ಲ, ‘ನೇಷನ್’ ಎಂದರು. ಆ ಮೈದಾನದಲ್ಲಿ ಇಂಗ್ಲಿಷ್ ಬಾರದೆ ಕೂತಿದ್ದವರಿಗೆ ಅದು ಕೌಮ್ ಆಗಿ ತಲುಪಿತು. ಅವರು ಹುಟ್ಟಿದಾಗಿನಿಂದ ಕೇಳಿದ್ದ ಪದವದು. ತಾವೊಂದು ಕೌಮ್ ಎಂಬುದರಲ್ಲಿ ಅವರಿಗೆ ಹೊಸದೇನೂ ಇರಲಿಲ್ಲ, ಅನುಮಾನವೂ ಇರಲಿಲ್ಲ. ಹೊಸದಾಗಿದ್ದದ್ದು, ಕೌಮ್ ಆದ ಮೇಲೆ ಬೇರೆ ರಾಜ್ಯ ಬೇಕೇಬೇಕು ಎಂಬ ಮುಂದಿನ ಮೆಟ್ಟಿಲು. ಆ ಮೆಟ್ಟಿಲಿದ್ದದ್ದು ‘ನೇಷನ್’ ಎಂಬ ಪದದಲ್ಲಿ.

ಅಂಬೇಡ್ಕರ್ ಅದೇ ವರ್ಷ ಇಂಗ್ಲಿಷಿನಲ್ಲಿ ಪ್ರಕಟಿಸಿದ, ಪಾಕಿಸ್ತಾನದ ಬೇಡಿಕೆಯನ್ನು ವಿವೇಚಿಸುವ ಗ್ರಂಥದಲ್ಲಿ ಇದೇ ಮೆಟ್ಟಿಲನ್ನು ಬೆರಳಿಟ್ಟು ತೋರಿಸಿದ್ದರು. ‘ಕಮ್ಯುನಿಟಿ’ ಬೇರೆ, ‘ನೇಷನ್’ ಬೇರೆ. ಸಮುದಾಯ ಎಷ್ಟೇ ಭಿನ್ನವಾಗಿದ್ದರೂ ಇರುವ ರಾಜ್ಯದೊಳಗೇ ನ್ಯಾಯ ಕೇಳುತ್ತದೆ, ಬೇಕಾದರೆ ಸರ್ಕಾರದ ವಿರುದ್ಧ ದಂಗೆಯೇಳುತ್ತದೆ. ರಾಷ್ಟ್ರವೆಂದುಕೊಂಡದ್ದು ಆ ರಾಜ್ಯವನ್ನೇ ಬಿಟ್ಟು ಹೊರಡುವ ಹಕ್ಕು ಕೇಳುತ್ತದೆ. ಈ ವ್ಯತ್ಯಾಸವನ್ನು ಅವರು ಅಷ್ಟು ಚೊಕ್ಕವಾಗಿ ಹೇಳಲು ಇಂಗ್ಲಿಷಿನಲ್ಲಿ ಎರಡು ಪದಗಳಿದ್ದವು. ಉರ್ದುವಿನ ಜನಸಾಮಾನ್ಯರ ಮಾತಿನಲ್ಲಿ ಎರಡಕ್ಕೂ ಕೌಮ್ ಒಂದೇ. ಅದಕ್ಕೇ ಮದನಿ ಮಿಲ್ಲತ್ ಮತ್ತು ಕೌಮ್‌ಗಳ ನಡುವೆ ಗೆರೆ ಎಳೆಯಲು ಅಷ್ಟು ಹೆಣಗಿದರು ಎಂದು ನನಗೆ ಅನ್ನಿಸುತ್ತದೆ.

ಒಂದು ಅನುವಾದದ ದೋಷದಿಂದ ದೇಶ ಒಡೆಯಿತು ಎನ್ನುವಷ್ಟು ಸರಳಬುದ್ಧಿ ನನ್ನದಲ್ಲ. ಪ್ರತ್ಯೇಕ ಮತಕ್ಷೇತ್ರಗಳು, ನೌಕರಿಯ ಪೈಪೋಟಿ, ಪ್ರಾಂತ್ಯಗಳ ಲೆಕ್ಕಾಚಾರ, ಬ್ರಿಟಿಷರ ಆಟ, ಕಾಂಗ್ರೆಸ್ಸಿನ ತಪ್ಪುಗಳು, ಲೀಗಿನ ಹಟ ಎಲ್ಲ ಇದ್ದವು. ಆದರೆ ಯಾವ ಪ್ರಶ್ನೆಯನ್ನು ಕೇಳಲು ಸಾಧ್ಯ, ಯಾವುದನ್ನು ಕೇಳಲು ನಾಲಿಗೆಯೇ ಹೊರಳುವುದಿಲ್ಲ ಎಂಬುದನ್ನು ಪದಗಳು ನಿರ್ಧರಿಸುತ್ತವೆ. ‘ನಾವೊಂದು ಸಮುದಾಯ ನಿಜ, ಆದರೆ ರಾಷ್ಟ್ರವೇ?’ ಎಂಬ ಪ್ರಶ್ನೆ ಉರ್ದುವಿನಲ್ಲಿ ‘ನಾವೊಂದು ಕೌಮ್ ನಿಜ, ಆದರೆ ಕೌಮೇ?’ ಎಂದಾಗುತ್ತದೆ.

ಪಾಕಿಸ್ತಾನವಾದ ಮೇಲೂ ಪದ ಸುಮ್ಮನೆ ಕೂರಲಿಲ್ಲ. ಪೂರ್ವ ಬಂಗಾಳದವರು ತಾವು ಬೇರೆಯೇ ಜನ ಎಂದು 1971ರಲ್ಲಿ ಹೊರನಡೆದರು. ಕರಾಚಿಯಲ್ಲಿ ಭಾರತದಿಂದ ವಲಸೆ ಹೋದ ಉರ್ದು ಭಾಷಿಕರು 1984ರಲ್ಲಿ ‘ಮುಹಾಜಿರ್ ಕೌಮೀ ಮೂವ್‌ಮೆಂಟ್’ ಕಟ್ಟಿ, ಪಂಜಾಬಿ, ಸಿಂಧಿ, ಪಠಾಣ, ಬಲೂಚರ ಸಾಲಿನಲ್ಲಿ ತಮ್ಮದೂ ಒಂದು ಕೌಮ್ ಎಂದರು. 1997ರಲ್ಲಿ ಅದೇ ಪಕ್ಷ ‘ಮುಹಾಜಿರ್’ ತೆಗೆದು ‘ಮುತ್ತಹಿದಾ’, ಅಂದರೆ ಐಕ್ಯ, ಎಂದು ಸೇರಿಸಿಕೊಂಡಿತು. ನಡುವಿನ ‘ಕೌಮೀ’ ಮಾತ್ರ ಎರಡೂ ಕಡೆ ಹೊಂದಿಕೊಂಡಿತು. ಮೊದಲು ಒಂದು ಗುಂಪಿನದು, ಆಮೇಲೆ ಇಡೀ ದೇಶದ್ದು.

ಉರ್ದುವಿಗೊಂದೇ ಈ ಕಷ್ಟ ಬಂದದ್ದೇ? ಇಲ್ಲ. ‘ಯುನೈಟೆಡ್ ನೇಷನ್ಸ್’ ಎಂಬ ಹೆಸರು ಒಂದೊಂದು ಭಾಷೆಗೆ ಹೇಗೆ ಹೋಯಿತೆಂದು ನೋಡಿದರೆ ಸಾಕು. ಉರ್ದುವಿನಲ್ಲಿ ‘ಅಕ್ವಾಮ್-ಎ-ಮುತ್ತಹಿದಾ’, ಅಕ್ವಾಮ್ ಎಂದರೆ ಕೌಮ್‌ನ ಬಹುವಚನ. ಅರಬ್ಬಿಯಲ್ಲಿ ಅದೇ ಜಾಗದಲ್ಲಿ ‘ಉಮ್ಮತ್’ನ ಬಹುವಚನವಿದೆ. ಪಾರಸಿಯವರೂ ತುರ್ಕರೂ ‘ಮಿಲ್ಲತ್’ ಅನ್ನೇ ಹಾಕಿದ್ದಾರೆ. ಮದನಿ ಧರ್ಮಕ್ಕೆಂದು ಕಾಯ್ದಿರಿಸಿದ ಪದ ತೆಹರಾನಿನಲ್ಲೂ ಅಂಕಾರಾದಲ್ಲೂ ರಾಷ್ಟ್ರಕ್ಕೆ ಸಲ್ಲುತ್ತದೆ. ಢಾಕಾದ ಬಂಗಾಳಿಯಲ್ಲಿ ಅದು ‘ಜಾತಿಸಂಘ’. ಕನ್ನಡಿಗ ಆ ಫಲಕ ಓದಿದರೆ ಮನಸ್ಸಿಗೆ ಬರುವ ಚಿತ್ರವೇ ಬೇರೆ. ತೆಲುಗಿನಲ್ಲಿ ರಾಷ್ಟ್ರಧ್ವಜ ‘ಜಾತೀಯ’ ಧ್ವಜ. ನಮ್ಮಲ್ಲಿ ‘ಜಾತೀಯತೆ’ ಬೈಗುಳಕ್ಕೆ ಸಮ, ‘ಜಾತ್ಯತೀತ’ ಆದರ್ಶ. ರವೀಂದ್ರನಾಥ ಠಾಕೂರರು 1901ರಲ್ಲಿ ಬಂಗಾಳಿಯಲ್ಲಿ ಒಂದು ಪ್ರಬಂಧ ಬರೆದು, ನಮ್ಮ ಭಾಷೆಯಲ್ಲಿ ಇದಕ್ಕೆ ಸರಿಯಾದ ಪದವಿಲ್ಲ, ‘ನೇಷನ್’ ಎಂದೇ ಇಟ್ಟುಕೊಳ್ಳೋಣ ಎಂದರು. ಶೀರ್ಷಿಕೆಯೇ ‘ನೇಷನ್ ಎಂದರೇನು’. ಹೊರಗಿನಿಂದ ಬಂದ ವಸ್ತು ಹೊರಗಿನದೆಂದು ಕಾಣುತ್ತಿರಲಿ ಎಂಬ ಆ ಪ್ರಾಮಾಣಿಕತೆ ನನಗೆ ಬಹಳ ಹಿಡಿಸುತ್ತದೆ.

ಈಗ ನಮ್ಮ ‘ಕೋಮು’ವಿಗೆ ಬರುತ್ತೇನೆ. ಅದು ಮೊದಲಿನಿಂದ ಕಳಂಕದ ಪದವಾಗಿರಲಿಲ್ಲ. ಹಿಂದುಳಿದ ಕೋಮುಗಳು, ಬ್ರಾಹ್ಮಣೇತರ ಕೋಮುಗಳು ಎಂಬ ಮಾತು ಹಳೆಯ ಮೈಸೂರಿನ ಬರವಣಿಗೆಯಲ್ಲಿ ಸಹಜವಾಗಿತ್ತು. ನ್ಯಾಯ ಕೇಳುವವರು ತಮ್ಮನ್ನು ತಾವೇ ಹಾಗೆ ಕರೆದುಕೊಳ್ಳುತ್ತಿದ್ದರು. 1909ರ ಪ್ರತ್ಯೇಕ ಮತಕ್ಷೇತ್ರಗಳು, 1932ರ ‘ಕಮ್ಯುನಲ್ ಅವಾರ್ಡ್’ ಬಂದ ಕಾಲಕ್ಕೆ ಭಾರತದ ಇಂಗ್ಲಿಷಿನಲ್ಲಿ ‘ಕಮ್ಯುನಲ್’ ಎಂಬ ಪದವೇ ಕೆಟ್ಟಿತು. ಇಂಗ್ಲೆಂಡಿನಲ್ಲಿ ಅದು ಎಲ್ಲರೂ ಹಂಚಿಕೊಳ್ಳುವ ಅಡುಗೆಮನೆಗೋ ತೋಟಕ್ಕೋ ಸಲ್ಲುವ ಪದ. ಇಲ್ಲಿ ಮತದ್ವೇಷದ ಹೆಸರಾಯಿತು. ಆ ಕೆಟ್ಟ ಅರ್ಥವನ್ನು ಕನ್ನಡಕ್ಕೆ ತರಬೇಕಾದಾಗ ಕೈಗೆ ಸಿಕ್ಕದ್ದು ಕೋಮು. ಉರ್ದು ಆ ಕೆಲಸಕ್ಕೆ ಕೌಮ್ ಅನ್ನು ಮುಟ್ಟಲೇ ಇಲ್ಲ. ಪಂಗಡ ಎಂಬ ಅರ್ಥದ ‘ಫಿರ್ಕಾ’ ಹಿಡಿದು ಕೋಮುವಾದಕ್ಕೆ ‘ಫಿರ್ಕಾಪರಸ್ತಿ’ ಎಂದಿತು. ಆ ಫಿರ್ಕಾ ಪಕ್ಕದ ತಮಿಳುನಾಡಿನ ಕಂದಾಯ ಕಡತದಲ್ಲಿ ನಮ್ಮ ಹೋಬಳಿಯಂಥ ನಿರುಪದ್ರವಿ ಪದ. ಹೀಗೆ ‘ನೇಷನ್’, ‘ಕಮ್ಯುನಲ್’ ಎಂಬ ಒಂದೇ ಇಂಗ್ಲಿಷ್ ಜೋಡಿಗೆ ಉರ್ದು ಮತ್ತು ಕನ್ನಡ ಎದುರುಬದುರು ನಿಂತವು: ಒಂದು ಕೌಮ್ ಅನ್ನು ಮೇಲಕ್ಕೆತ್ತಿ ರಾಷ್ಟ್ರ ಮಾಡಿತು, ಇನ್ನೊಂದು ಅದನ್ನು ಕೆಳಗಿಳಿಸಿ ಗಲಭೆಗೆ ಕಟ್ಟಿತು.

‘ರಾಷ್ಟ್ರ’ ಎಂಬ ನಮ್ಮ ಪದ ಸುರಕ್ಷಿತ ಎಂದು ನಾವು ನೆಮ್ಮದಿಯಿಂದಿದ್ದೇವೆ. ಸಂಸ್ಕೃತದಲ್ಲಿ ಅದು ದೊರೆಯ ಆಳ್ವಿಕೆಗೆ ಸೇರಿದ ಸೀಮೆ. ಜನರ ಒಟ್ಟು ಇಚ್ಛೆ ಎಂಬ ರೆನಾನನ ಅರ್ಥ ಅದರೊಳಗೆ ಆಮೇಲೆ ತುಂಬಿದ್ದು. ಜನರ ಬಳಗವನ್ನು ಹೇಳಲು ಕನ್ನಡಕ್ಕೆ ‘ನಾಡು’ ಇದೆ. ಅದಕ್ಕೇ ರಾಷ್ಟ್ರಗೀತೆಯ ಪಕ್ಕದಲ್ಲೇ, ಯಾವ ಜಗಳವೂ ಇಲ್ಲದೆ, ಕುವೆಂಪು ಅವರ ಹಾಡನ್ನು ನಾಡಗೀತೆ ಎಂದು ಹಾಡುತ್ತೇವೆ. ಎರಡು ಪದಗಳಿರುವುದರಿಂದ ಎರಡು ನಿಷ್ಠೆಗಳಿಗೂ ಜಾಗವಿದೆ. ಒಂದೇ ಪದವಿದ್ದಿದ್ದರೆ ನಮ್ಮ ಕಥೆಯೂ ಸುಲಭವಿರುತ್ತಿರಲಿಲ್ಲ. ಸಂವಿಧಾನ ಸಭೆಯಲ್ಲಿ 1949ರ ನವೆಂಬರ್ 25ರಂದು ಅಂಬೇಡ್ಕರ್, ಸಾವಿರಾರು ಜಾತಿಗಳಾಗಿ ಒಡೆದವರು ನೇಷನ್ ಹೇಗಾದಾರು, ನಾವು ಇನ್ನೂ ಅದಾಗಿಲ್ಲ ಎಂಬ ಅರಿವು ಬೇಗ ಬಂದಷ್ಟೂ ಒಳ್ಳೆಯದು ಎಂದು ಎಚ್ಚರಿಸಿದ್ದರು. ಈ ಮಾತನ್ನು ‘ನಾವು ಇನ್ನೂ ರಾಷ್ಟ್ರವಾಗಿಲ್ಲ’ ಎಂದು ಕನ್ನಡಿಸಿದರೆ, ಗಡಿ, ಸೈನ್ಯ, ಬಾವುಟ ಎಲ್ಲ ಇರುವಾಗ ಇದೇನೆಂದು ಓದುಗ ಗಲಿಬಿಲಿಗೊಳ್ಳುತ್ತಾನೆ. ಅವರು ಹೇಳಿದ್ದು ಸೋದರತೆಯಿಂದ ಬೆಸೆದ ಜನ ಎಂಬ ಅರ್ಥ. ರಾಷ್ಟ್ರ ಎಂಬ ಪದ ಆ ಅರ್ಥವನ್ನು ಹೊತ್ತು ತರುವುದಿಲ್ಲ.

ಆದ್ದರಿಂದ ಶಾಲೆಗಳಲ್ಲಿ, ಪತ್ರಿಕಾಲಯಗಳಲ್ಲಿ ಇಂಥ ಪದಗಳಿಗೆ ಒಂದು ಗೆರೆಯ ಅರ್ಥ ಬರೆಸುವುದನ್ನು ಬಿಡಬೇಕು ಎಂದು ನಾನು ಒತ್ತಿ ಹೇಳುತ್ತೇನೆ. ‘ನೇಷನ್’ ಅನ್ನು ಉರ್ದುವಿನಲ್ಲಿ ಕಲಿಸುವವರು ಕೌಮ್ ಒಂದನ್ನೇ ಹೇಳಿ ನಿಲ್ಲದೆ ಮಿಲ್ಲತ್, ವತನ್, ಮುಲ್ಕ್‌ಗಳ ಪಕ್ಕದಲ್ಲಿ ಅದನ್ನಿಟ್ಟು ತೋರಿಸಬೇಕು. ಕನ್ನಡದಲ್ಲಿ ಕಲಿಸುವವರು ರಾಷ್ಟ್ರ, ದೇಶ, ನಾಡು, ಜನಾಂಗಗಳ ನಡುವಿನ ಗೆರೆಗಳನ್ನು ಕಾಣಿಸಬೇಕು. ಕಲಬುರಗಿಯಲ್ಲೋ ಭಟ್ಕಳದಲ್ಲೋ ಬೆಂಗಳೂರಿನ ಶಿವಾಜಿನಗರದಲ್ಲೋ ಒಬ್ಬ ಮುಖಂಡ ಉರ್ದುವಿನಲ್ಲಿ ‘ಹಮಾರೀ ಕೌಮ್’ ಎಂದಾಗ ಅದನ್ನು ವರದಿ ಮಾಡುವ ನಮ್ಮವರು ‘ನಮ್ಮ ಕೋಮು’ ಎಂದು ಬರೆಯುವ ಮೊದಲು ಒಂದು ಗಳಿಗೆ ತಡೆದು ಕೇಳಬೇಕು: ಇಲ್ಲಿ ಅವರು ಹೇಳಿದ್ದು ಸಮುದಾಯವೇ, ದೇಶವೇ, ಬರೀ ನಮ್ಮ ಜನ ಎಂದೇ? ಆ ಒಂದು ಪದದ ಆಯ್ಕೆಯಿಂದ ಮರುದಿನ ಓದುವವನ ಮುಖದ ಭಾವವೇ ಬದಲಾಗುತ್ತದೆ.

2011ರ ಜನಗಣತಿಯಂತೆ ಕರ್ನಾಟಕದಲ್ಲಿ ನೂರಕ್ಕೆ ಹತ್ತಕ್ಕಿಂತ ತುಸು ಹೆಚ್ಚು ಜನರ ಮಾತೃಭಾಷೆ ಉರ್ದು. ಇಲ್ಲಿನ ಉರ್ದು ಮಾಧ್ಯಮದ ಶಾಲೆಗಳಲ್ಲಿ ಕಲಿಯುವ ಮಗು ಕನ್ನಡವನ್ನೂ ಓದುತ್ತದೆ. ಬೆಳಿಗ್ಗೆ ಪ್ರಾರ್ಥನೆಯ ಸಾಲಿನಲ್ಲಿ ನೆಟ್ಟಗೆ ನಿಂತು ಕೌಮೀ ತರಾನಾ ಹಾಡುತ್ತದೆ. ಮಧ್ಯಾಹ್ನ ಕನ್ನಡ ಪತ್ರಿಕೆಯ ತುಣುಕನ್ನು ಬಿಡಿಸಿ ಓದುವಾಗ ‘ಕೋಮು’ ಎಂಬಲ್ಲಿ ಅದರ ಬೆರಳು ನಿಲ್ಲುತ್ತದೆ. ಎರಡೂ ಒಂದೇ ಪದವ ಎಂದು ಆ ಮಗು ಕೇಳಿದರೆ ಹೌದು ಎನ್ನಬೇಕು, ಮತ್ತು ಉತ್ತರವನ್ನು ಅಲ್ಲಿಗೇ ಮುಗಿಸದೆ ಮದನಿಯವರ ಕಥೆಯಿಂದ ಶುರುಮಾಡಬೇಕು.